ಅಪ್ಪ ಕುಡಿಯುತ್ತಿದ್ದರು, ತಮ್ಮ ಕುಡಿಯುತ್ತಾನೆ, ನಾನು ಕುಡಿಯುವುದಿಲ್ಲ: ಇದರಲ್ಲಿ ಇಲಿಗೆ ಗೊತ್ತಿರುವುದೇನು?

ಡೊಂಬಿವಲಿ ಗದಗಿನವ, ಭಾನುವಾರ ರಾತ್ರಿ 9:40

ಬಳಗದವರಿಗೆ ನಮಸ್ಕಾರ. ಬಾಡಿಗೆ ಮನೆ, ಊರಿನ ಬಸ್ಸು, ಜೋಳದ ರೊಟ್ಟಿ ಸಿಗುವ ಖಾನಾವಳಿ, ಇಷ್ಟನ್ನು ಬಿಟ್ಟು ಬೇರೆ ಪ್ರಶ್ನೆ ಇಲ್ಲಿಗೆ ಬರುವುದು ಕಡಿಮೆ. ನನ್ನದು ಬೇರೆ ಜಾತಿಯ ಪ್ರಶ್ನೆ, ಸಹಿಸಿಕೊಳ್ಳಿ.

ನಮ್ಮ ಅಪ್ಪ ಮುಂಬೈಯ ಪರಳದ ಬಟ್ಟೆ ಗಿರಣಿಯಲ್ಲಿ ನೇಯ್ಗೆ ಖಾತೆಯಲ್ಲಿದ್ದರು. 1982ರ ಮುಷ್ಕರಕ್ಕೆ ಮೊದಲೇ ಕುಡಿಯುತ್ತಿದ್ದರು, ಮುಷ್ಕರದ ನಂತರ ಕುಡಿತವೇ ಅವರ ಪಾಳಿಯಾಯಿತು. ಚಾಳಿನ ಒಂದೇ ಖೋಲಿಯಲ್ಲಿ, ಒಂದೇ ಚಾಪೆಯ ಮೇಲೆ ನಾನೂ ನನ್ನ ತಮ್ಮನೂ ಬೆಳೆದೆವು. ಅಪ್ಪನ ಕೈಯ ಏಟನ್ನೂ ಸಮನಾಗಿ ಹಂಚಿಕೊಂಡೆವು. ತಮ್ಮ ಈಗ ವಾಸ್ಕೊದಲ್ಲಿದ್ದಾನೆ. ಎರಡು ಸಲ ಬಿಟ್ಟ, ಎರಡು ಸಲ ಹಿಡಿದ. ನಾನು ಕಚೇರಿಯ ಪಾರ್ಟಿಯಲ್ಲಿ ಒಂದೆರಡು ಸಲ ಗುಟುಕರಿಸಿದ್ದೇನೆ, ತಲೆನೋವು ಬಂತು, ಅಷ್ಟೇ. ಬಿಟ್ಟಿದ್ದೇನೆ ಎಂದು ಎದೆಯುಬ್ಬಿಸಲೂ ಆಗದು, ಏಕೆಂದರೆ ಹಿಡಿದೇ ಇರಲಿಲ್ಲ.

ಮೊನ್ನೆ ಲೋಕಲ್‌ನಲ್ಲಿ ಮೊಬೈಲ್ ನೋಡುತ್ತಿರುವಾಗ ಒಂದು ಸುದ್ದಿ ಕಣ್ಣಿಗೆ ಬಿತ್ತು: ಅಮೆರಿಕದಲ್ಲಿ ಇಲಿಗಳಿಗೆ ಕೊಕೇನ್ ಕೊಟ್ಟು, ಚಟದ ವಂಶವಾಹಿ ಹುಡುಕುತ್ತಾರಂತೆ. ಮಗನಿಗೆ ಈಗ 17 ತುಂಬಿದೆ. ಹೀಗಾಗಿ ಕೇಳುತ್ತಿದ್ದೇನೆ. ರಕ್ತದಲ್ಲಿ ಇದು ಇದೆಯೇ, ಇಲ್ಲವೇ? ಇಲಿಗೆ ಗಿರಣಿ ಮುಚ್ಚುವುದಿಲ್ಲ, ಮನೆ ಸಾಲ ಇಲ್ಲ, ಹೆಂಡತಿ ತವರಿಗೆ ಹೋಗುವುದಿಲ್ಲ. ಅದು ನಮಗೆ ಏನು ಹೇಳೀತು?

ಮಾಟುಂಗ ಹೋಟೆಲು, ಭಾನುವಾರ ರಾತ್ರಿ 10:15

ಇಲಿ ಯಾಕೆ ಮಾರಾಯರೇ? ಮೂವತ್ತೆರಡು ವರ್ಷದಿಂದ ನನ್ನ ಹೋಟೆಲಿನ ಮಾಳಿಗೆಯ ಮೇಲೆ ಹುಡುಗರ ಕೋಣೆ ಇದೆ. ಕುಂದಾಪುರ, ಕಾರ್ಕಳದ ಕಡೆಯಿಂದ ಬಂದವರು. ಒಂದೇ ಕೋಣೆ, ಒಂದೇ ಸಂಬಳ, ಒಂದೇ ಸಾಂಬಾರು, ಬೆಳಗ್ಗೆ ಐದಕ್ಕೆ ಏಳುವುದೂ ಒಟ್ಟಿಗೆ. ಹತ್ತು ಜನರಲ್ಲಿ ಎಂಟು ಮಂದಿ ಹಬ್ಬಕ್ಕೆ, ಸಂಬಳದ ದಿನಕ್ಕೆ ಸ್ವಲ್ಪ ಹಾಕುತ್ತಾರೆ, ಮರುದಿನ ಇಡ್ಲಿ ಹಿಟ್ಟು ರುಬ್ಬುತ್ತಾರೆ. ಉಳಿದ ಇಬ್ಬರು ಆರು ತಿಂಗಳಲ್ಲಿ ಊರಿಗೆ ಹಣ ಕಳುಹಿಸುವುದನ್ನು ನಿಲ್ಲಿಸುತ್ತಾರೆ. ಆ ಇಬ್ಬರು ಯಾರಾಗಬಹುದೆಂದು ಊಹಿಸಿ ಹಲವು ಸಲ ಸೋತಿದ್ದೇನೆ. ಪಾಪದ ಹುಡುಗ ಎಂದುಕೊಂಡವನೇ ಹೋಗಿರುತ್ತಾನೆ.

ಅಂಧೇರಿ ಪೂರ್ವ, ಭಾನುವಾರ ರಾತ್ರಿ 10:32

ಮನಸ್ಸು ಗಟ್ಟಿ ಇರಬೇಕು, ಅಷ್ಟೇ. ವಂಶವಾಹಿ ಎನ್ನುವುದು ಕುಡುಕರಿಗೆ ಸಿಕ್ಕಿದ ಹೊಸ ನೆಪ.

ಪಾಷಾಣ ರಸ್ತೆ, ಸೋಮವಾರ ಬೆಳಗ್ಗೆ 7:05

ನಾನು ಹೆಚ್ಚಾಗಿ ಇಲ್ಲಿ ಓದಿ ಸುಮ್ಮನಾಗುವವಳು. ಆದರೆ ಇದು ನನ್ನ ಕಸುಬು. ಹೊರದೇಶದ ಪ್ರಯೋಗಾಲಯವೊಂದರಲ್ಲಿ ನಾಲ್ಕು ವರ್ಷ ಇಲಿಗಳ ಜೊತೆಗಿದ್ದು, ಈಗ ಪುಣೆಯಲ್ಲಿ ಕಂಪ್ಯೂಟರಿನ ಮುಂದೆ ಅಂಕಿಅಂಶ ಜಾಲಾಡುತ್ತೇನೆ. ಉದ್ದ ಬರೆಯುತ್ತೇನೆ, ಚಹಾ ಇಟ್ಟುಕೊಂಡು ಓದಿ.

ಹೋಟೆಲಿನ ಮಾವ ಹೇಳಿದ ಕೋಣೆಯಿಂದಲೇ ಶುರು ಮಾಡುತ್ತೇನೆ, ಪ್ರಶ್ನೆ ಇರುವುದೇ ಅಲ್ಲಿ. ನಿಮ್ಮ ಹತ್ತು ಹುಡುಗರ ಕೋಣೆ ಒಂದೇ ಆದರೂ ಅವರ ಹಿಂದಿನ ಹದಿನೆಂಟು ವರ್ಷ ಬೇರೆ ಬೇರೆ. ಒಬ್ಬನ ತಾಯಿ ತೀರಿಕೊಂಡಿರಬಹುದು, ಇನ್ನೊಬ್ಬ ಹನ್ನೆರಡಕ್ಕೇ ರುಚಿ ನೋಡಿರಬಹುದು. ಅವಳಿಗಳ ಅಧ್ಯಯನಗಳ ಪ್ರಕಾರ ಮದ್ಯದ ಚಟಕ್ಕೆ ಬೀಳುವುದರಲ್ಲಿ ಜನ ಜನರ ನಡುವಿನ ವ್ಯತ್ಯಾಸದ ಸುಮಾರು ಅರ್ಧದಷ್ಟು ವಂಶವಾಹಿಗಳಿಂದ ಬರುತ್ತದೆ. ನಿಮ್ಮ ತಮ್ಮನ ಕುಡಿತದ ಅರ್ಧ ರಕ್ತದ್ದು, ಅರ್ಧ ಸಹವಾಸದ್ದು ಎಂದು ಇದಕ್ಕೆ ಅರ್ಥವಲ್ಲ. ಇದು ಗುಂಪಿನ ಲೆಕ್ಕ, ಒಬ್ಬ ಮನುಷ್ಯನನ್ನು ಹೀಗೆ ಕತ್ತರಿಸಲು ಬರುವುದಿಲ್ಲ.

ಸರಿ, ಯಾವ ವಂಶವಾಹಿ? ಒಂದಲ್ಲ, ನೂರಾರು. ಒಂದೊಂದರದ್ದೂ ಚಿಟಿಕೆಯಷ್ಟು ಕೆಲಸ. ಬೀಡಿ ಸಿಗರೇಟು ಮತ್ತು ಮದ್ಯದ ಬಗ್ಗೆ 2019ರಲ್ಲಿ ಬಂದ ದೊಡ್ಡ ಅಧ್ಯಯನ 12 ಲಕ್ಷ ಜನರ ಡಿಎನ್‌ಎ ಜಾಲಾಡಿ 400ಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿತು. ಹನ್ನೆರಡು ಲಕ್ಷ! ಕೊಕೇನ್, ಅಫೀಮಿನ ಮಾತ್ರೆಗಳ ವಿಷಯದಲ್ಲಿ ಅಷ್ಟು ಜನರನ್ನು ಎಲ್ಲಿಂದ ತರುವುದು? ತಂದರೂ ಯಾರು ಎಷ್ಟು ತೆಗೆದುಕೊಂಡರು, ಯಾವಾಗ, ಜೊತೆಗೆ ಇನ್ನೇನು ಎಂಬುದಕ್ಕೆ ಅವರ ಮಾತೇ ಸಾಕ್ಷಿ. ಚಟದಲ್ಲಿರುವವರ ಲೆಕ್ಕ ಎಷ್ಟು ನಂಬುವಂಥದ್ದು ಎಂದು ಈ ಬಳಗಕ್ಕೆ ನಾನು ಹೇಳಬೇಕಾಗಿಲ್ಲ.

ಇಲಿ ಬರುವುದು ಇಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 1984ರಲ್ಲಿ ಎಂಟು ಶುದ್ಧ ತಳಿಯ ಇಲಿಗಳನ್ನು ಸೇರಿಸಿ ಒಂದು ಮಿಶ್ರ ಸಂತತಿ ಮಾಡಿದರು. ಹತ್ತಿರದ ಸಂಬಂಧ ಕೂಡದಂತೆ ಎಚ್ಚರದಿಂದ ಜೋಡಿ ಮಾಡುತ್ತ, ಈಗ ನೂರು ತಲೆಮಾರಿನ ಆಸುಪಾಸಿಗೆ ಬಂದಿದೆ. ಡೊಂಬಿವಲಿಯ ಲೋಕಲ್‌ನಲ್ಲಿ ಮಡಿಲ ಮೇಲೆ ಬ್ಯಾಗು ಅಡ್ಡ ಇಟ್ಟು ಇಸ್ಪೀಟು ಆಡುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಎಂಟು ಕಟ್ಟುಗಳು, ಒಂದೊಂದರ ಬೆನ್ನೂ ಒಂದೊಂದು ಬಣ್ಣ. ಎಲ್ಲವನ್ನೂ ಸೇರಿಸಿ ನೂರು ಸಲ ಕಲಸಿ ಹಂಚಿದ್ದೇವೆ. ಪ್ರತಿ ಇಲಿಯ ಕೈಯಲ್ಲೂ ಬೇರೆ ಆಟ. ಆದರೆ ಎಂಟೂ ಕಟ್ಟುಗಳನ್ನು ಮೊದಲೇ ಪೂರ್ತಿ ಓದಿಟ್ಟುಕೊಂಡಿರುವುದರಿಂದ, ಅಲ್ಲೊಂದು ಇಲ್ಲೊಂದು ಎಲೆಯ ಬೆನ್ನು ನೋಡಿದರೆ ಸಾಕು, ನಡುವಿನದ್ದು ಯಾವ ಕಟ್ಟಿನದೆಂದು ಹೇಳಬಹುದು. ಇಡೀ ಡಿಎನ್‌ಎ ಓದುವ ಖರ್ಚು ಉಳಿಯಿತು.

ಇನ್ನೊಂದು ಗುಟ್ಟಿದೆ. ನೂರು ಸಲ ಕಲಸಿದರೂ ಎಲೆಗಳು ಪೂರ್ತಿ ಬಿಡಿಯಾಗುವುದಿಲ್ಲ, ಗುಂಪು ಗುಂಪಾಗಿ ಅಂಟಿಕೊಂಡೇ ಇರುತ್ತವೆ. ಮನುಷ್ಯರಲ್ಲಿ ಈ ಕಲಸಾಟ ಸಾವಿರಾರು ತಲೆಮಾರು ನಡೆದಿದೆ, ನಮ್ಮ ಎಲೆಗಳು ಬಹಳ ಚದುರಿವೆ. ಆದ್ದರಿಂದ ಇಲಿಯಲ್ಲಿ ಲಕ್ಷಗಳು ಬೇಡ, ಕೆಲವು ಸಾವಿರ ಸಾಕು. ಇದರ ಬೆಲೆಯೂ ಉಂಟು: ಸಿಗುವುದು ಒಂದೇ ಎಲೆಯಲ್ಲ, ಅಂಟಿಕೊಂಡ ಗೊಂಚಲು. ಅದರಲ್ಲಿ ಅಪರಾಧಿ ಯಾವ ವಂಶವಾಹಿ ಎಂದು ಹುಡುಕುವುದರಲ್ಲೇ ನನ್ನ ಎರಡು ವರ್ಷ ಹೋಯಿತು.

ಆಫೀಸಿಗೆ ಹೊತ್ತಾಯಿತು. ಉಳಿದದ್ದು ಸಂಜೆಗೆ.

ಥಾಣೆ ನಿವೃತ್ತ ಮೇಷ್ಟ್ರು, ಸೋಮವಾರ ಬೆಳಗ್ಗೆ 8:20

ಮೇಡಂ, ಇಸ್ಪೀಟಿನ ಹೋಲಿಕೆ ತರಗತಿಯಲ್ಲಿ ಹೇಳಬೇಕಾಗಿತ್ತು ಎನಿಸಿತು. ಒಂದು ಸಣ್ಣ ವಿಷಯಾಂತರ: ಇಲಿಯನ್ನೂ ಕಾಯಿಲೆಯನ್ನೂ ಸೇರಿಸಿ ನೋಡುವ ಕಲೆ ಈ ಊರಿಗೆ ಹೊಸದಲ್ಲ. 1896ರಲ್ಲಿ ಮುಂಬೈಗೆ ಪ್ಲೇಗು ಬಂದಾಗ ಹಾಫ್‌ಕಿನ್ ಎಂಬ ವಿಜ್ಞಾನಿ ಇಲ್ಲೇ ಕೂತು 1897ರಲ್ಲಿ ಲಸಿಕೆ ಮಾಡಿದ. ಇಲಿಯಿಂದ ಮನುಷ್ಯನಿಗೆ ರೋಗ ದಾಟಿಸುವುದು ಚಿಗಟ ಎಂದು ಸಿಮಂಡ್ ಎಂಬ ವೈದ್ಯ 1898ರಲ್ಲಿ ಕರಾಚಿಯಲ್ಲಿ ತೋರಿಸಿದ. ಹಾಫ್‌ಕಿನ್ ಸಂಸ್ಥೆ ಈಗಲೂ ಪರಳದಲ್ಲೇ ಇದೆ, ಗದಗಿನವರ ಅಪ್ಪ ದಿನವೂ ದಾಟಿ ಹೋಗಿರಬಹುದಾದ ದಾರಿಯಲ್ಲಿ.

ಮಾಟುಂಗ ಹೋಟೆಲು, ಸೋಮವಾರ ಬೆಳಗ್ಗೆ 11:50

ಮೇಷ್ಟ್ರೇ, ಅವು ಹೆಗ್ಗಣಗಳು. ಅಕ್ಕ ಹೇಳುವುದು ಬಿಳಿ ಇಲಿ ಅಲ್ಲವೇ?

ಪಾಷಾಣ ರಸ್ತೆ, ಸೋಮವಾರ ರಾತ್ರಿ 8:45

ಹೆಗ್ಗಣವೇ ಬೇರೆ ಪ್ರಾಣಿ, ಮಾವ. ಪ್ರಯೋಗಾಲಯದ್ದು ಕಂದು ಇಲಿಯ ಸಾಕಿದ ವಂಶ. ಎಲ್ಲವೂ ಬಿಳಿಯಲ್ಲ. ನಾನು ಹೇಳಿದ ಮಿಶ್ರ ಸಂತತಿಯಲ್ಲಿ ಕಪ್ಪು, ಕಂದು, ತಲೆಗೆ ಮಾತ್ರ ಬಣ್ಣದ ಟೋಪಿ ಹಾಕಿದಂಥವು, ಎಲ್ಲ ಇವೆ. ಒಂದೇ ಪಂಜರದ ಒಡಹುಟ್ಟಿದವುಗಳೂ ಒಂದೇ ಥರ ಇರುವುದಿಲ್ಲ. ಸುಂಡಿಲಿ ಬಿಟ್ಟು ಇದೇ ಏಕೆ ಎಂದರೆ ಇದು ಹತ್ತು ಪಟ್ಟು ದಪ್ಪ, ಕತ್ತಿನ ರಕ್ತನಾಳಕ್ಕೆ ಸಣ್ಣ ನಳಿಕೆ ಕೂರಿಸಿದರೆ ವಾರಗಟ್ಟಲೆ ನಿಲ್ಲುತ್ತದೆ. ಮತ್ತೆ, ಇಲಿಗೆ ಸಂಗ ಬೇಕು.

ಈಗ ಪ್ರಯೋಗ. ಪೆಟ್ಟಿಗೆಯ ಗೋಡೆಯಲ್ಲಿ ಎರಡು ಹಿಡಿಕೆಗಳು. ಒಂದನ್ನು ಒತ್ತಿದರೆ ನಳಿಕೆಯಿಂದ ಒಂದು ಹನಿ ಕೊಕೇನ್ ಒಳಗೆ ಹೋಗುತ್ತದೆ. ಇನ್ನೊಂದರಿಂದ ಏನೂ ಇಲ್ಲ. ಇಲಿಗೆ ಯಾರೂ ಕುಡಿಸುವುದಿಲ್ಲ, ತಾನೇ ಒತ್ತಿಕೊಳ್ಳಬೇಕು. ಮೊದಲು ದಿನಕ್ಕೆ ಎರಡು ಗಂಟೆ. ಬಹುಪಾಲು ಇಲಿಗಳು ಹದದಲ್ಲಿ ನಿಲ್ಲುತ್ತವೆ. ಆಮೇಲೆ ದಿನಕ್ಕೆ ಆರು ಗಂಟೆ ಬಿಟ್ಟರೆ ಆಟ ಬದಲಾಗುತ್ತದೆ. ಕೆಲವು ದಿನದಿಂದ ದಿನಕ್ಕೆ ಏರುತ್ತಲೇ ಹೋಗುತ್ತವೆ, ಕೆಲವು ಅಲ್ಲೇ ಇರುತ್ತವೆ. ಹೊತ್ತು ಹೆಚ್ಚಿಸಿದರೆ ಹೀಗೆ ಏರುತ್ತದೆ ಎಂದು ಅಹ್ಮದ್ ಮತ್ತು ಕೂಬ್ ಎಂಬ ಸಂಶೋಧಕರು 1998ರಲ್ಲಿ ತೋರಿಸಿದರು. ನಂತರ ಹಠದ ಪರೀಕ್ಷೆ: ಒಂದು ಹನಿಗೆ ಒಂದು ಸಲ, ಮುಂದಿನದಕ್ಕೆ ಇನ್ನೂ ಹೆಚ್ಚು, ಹೀಗೆ ಬೆಲೆ ಏರಿಸುತ್ತ ಹೋದರೆ ಎಲ್ಲಿ ಕೈಬಿಡುತ್ತದೆ? ಕಾಲಿಗೆ ಸಣ್ಣ ವಿದ್ಯುತ್ ಏಟು ಬಿದ್ದರೂ ಒತ್ತುತ್ತದೆಯೇ?

ಫ್ರಾನ್ಸಿನ ಬೋರ್ಡೊದ ಪ್ರಯೋಗಾಲಯದವರು 2004ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಮೂರು ತಿಂಗಳು ಕೊಕೇನ್ ಒತ್ತಿದ ಇಲಿಗಳಲ್ಲಿ ನಿಲ್ಲಿಸಲಾರದ, ಎಷ್ಟು ಬೆಲೆಗೂ ಬಗ್ಗದ, ಏಟು ತಿಂದರೂ ಬಿಡದ, ಮೂರೂ ಲಕ್ಷಣ ಒಟ್ಟಿಗಿದ್ದವು 17 ಶೇಕಡಾ. ಎಲ್ಲ ಇಲಿಗಳೂ ಕೊಕೇನ್ ತೆಗೆದುಕೊಂಡಿದ್ದವು, ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಆದರೂ ಸಿಕ್ಕಿಬಿದ್ದದ್ದು ಆರರಲ್ಲಿ ಒಂದು. ಕೊಕೇನ್ ರುಚಿ ನೋಡಿದ ಮನುಷ್ಯರಲ್ಲಿ ಚಟಕ್ಕೆ ಬೀಳುವವರ ಪಾಲೂ ಇದರ ಅಕ್ಕಪಕ್ಕದಲ್ಲೇ ಇದೆ. ಮಾಟುಂಗದ ಹತ್ತರಲ್ಲಿ ಇಬ್ಬರು ಓದಿ ನನಗೆ ನೆನಪಾದದ್ದು ಇದು.

ಅಂಧೇರಿಯವರೇ, ಆ ಪೆಟ್ಟಿಗೆಯಲ್ಲಿ ಸತ್ಸಂಗಕ್ಕೆ ಹೋದ ಇಲಿ, ಹೋಗದ ಇಲಿ ಎಂದು ಇರಲಿಲ್ಲ. ಗಟ್ಟಿ ಮನಸ್ಸು ಎನ್ನುವುದೂ ಮಿದುಳಿನೊಳಗೇ ಕೂತಿದೆ, ಅದನ್ನೂ ಯಾರೋ ಹಂಚಿದ್ದಾರೆ.

ಅಂಧೇರಿ ಪೂರ್ವ, ಸೋಮವಾರ ರಾತ್ರಿ 9:02

ಹಾಗಾದರೆ ಯಾರದ್ದೂ ತಪ್ಪಿಲ್ಲ ಎಂದಾಯಿತು. ಹೆಂಡತಿಯ ಮಾಂಗಲ್ಯ ಮಾರಿದವನದ್ದೂ ತಪ್ಪಿಲ್ಲ.

ಹನ್ನೊಂದು ವರ್ಷ, ಸೋಮವಾರ ರಾತ್ರಿ 9:30

ನಾನು ಮಾರಿದವನು. ತಪ್ಪು ನನ್ನದೇ. ಮೇಡಂ ಹೇಳಿದ 17 ಶೇಕಡಾದಲ್ಲಿ ನಾನೂ ಒಬ್ಬ ಎಂಬುದೂ ನಿಜ. ಎರಡೂ ನಿಜವಾಗಲು ಏನು ಅಡ್ಡಿ? ಪುಣೆಯ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದಾಗ ನನಗೆ 38. ಬಿಟ್ಟು ಹನ್ನೊಂದು ವರ್ಷವಾಯಿತು. ಅಲ್ಲಿ ವಾರಕ್ಕೊಮ್ಮೆ ಗುಂಪಿನಲ್ಲಿ ಕೂರಿಸುತ್ತಿದ್ದರು. ಆ ವೃತ್ತದಲ್ಲಿ ಬ್ಯಾಂಕಿನ ಅಧಿಕಾರಿ ಇದ್ದರು, ರಿಕ್ಷಾದವನಿದ್ದ, ಡಾಕ್ಟರೂ ಇದ್ದರು. ನನ್ನ ಮನಸ್ಸು ಗಟ್ಟಿ ಇತ್ತು ಸರ್. ರಾತ್ರಿ ಒಂದಕ್ಕೆ ಮಳೆಯಲ್ಲಿ ಹಡಪ್ಸರದಿಂದ ಸ್ವಾರಗೇಟ್‌ವರೆಗೆ ಬಾಟಲಿಗಾಗಿ ನಡೆದಿದ್ದೇನೆ. ಗಟ್ಟಿ ಇಲ್ಲದವನು ನಡೆಯುತ್ತಾನೆಯೇ?

ಡೊಂಬಿವಲಿ ಗದಗಿನವ, ಸೋಮವಾರ ರಾತ್ರಿ 10:10

ಎಲ್ಲರಿಗೂ ಧನ್ಯವಾದ. ಹನ್ನೊಂದು ವರ್ಷದವರೇ, ನಿಮ್ಮ ಮಾತು ಎರಡು ಸಲ ಓದಿದೆ. ಪಾಷಾಣ ರಸ್ತೆಯವರಿಗೆ ಒಂದು ಪ್ರಶ್ನೆ. ತಮ್ಮ ಮೊದಲ ಸಲ ಆರು ತಿಂಗಳು ಬಿಟ್ಟಿದ್ದ. ಆಗ ಇಲ್ಲಿಗೆ ಬಂದಿದ್ದಾಗ ಸಂಜೆ ಜೊತೆಯಲ್ಲಿ ನಡೆಯುತ್ತಿದ್ದೆವು. ಬಾರಿನ ಹಸಿರು ದೀಪದ ಫಲಕ ಕಂಡರೆ ಅವನ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಒಳಗೆ ಹೋಗುವ ಯೋಚನೆಯೇ ಇಲ್ಲ, ಮಾತು ಬೇರೇನೋ ನಡೆದಿರುತ್ತದೆ, ಕಾಲು ಮಾತ್ರ ನಿಧಾನ. ನನಗೆ ಆ ಫಲಕ ಅಲ್ಲಿತ್ತು ಎಂಬುದೂ ಗೊತ್ತಿರಲಿಲ್ಲ. ಇಲಿಯಲ್ಲಿ ಇಂಥದ್ದು ಇದೆಯೇ?

ಪಾಷಾಣ ರಸ್ತೆ, ಮಂಗಳವಾರ ಬೆಳಗ್ಗೆ 6:50

ಇದೆ. ನನಗೆ ಈ ಇಡೀ ಕ್ಷೇತ್ರದಲ್ಲಿ ಬಹಳ ಇಷ್ಟವಾದ ಪ್ರಯೋಗವೇ ಅದು.

ಮಾದಕ ವಸ್ತು ಏನೂ ಇಲ್ಲದ ಪೆಟ್ಟಿಗೆ. ಗೋಡೆಯಿಂದ ಒಂದು ಹಿಡಿಕೆ ಎಂಟು ಸೆಕೆಂಡು ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ, ತಕ್ಷಣ ಪಕ್ಕದ ಬಟ್ಟಲಿಗೆ ಒಂದು ಕಾಳು ತಿಂಡಿ ಬೀಳುತ್ತದೆ. ಹಿಡಿಕೆಯನ್ನು ಮುಟ್ಟಬೇಕಾಗಿಲ್ಲ, ಮುಟ್ಟಿದರೂ ಬಿಟ್ಟರೂ ತಿಂಡಿ ಬಂದೇ ಬರುತ್ತದೆ. ಕೆಲವು ದಿನ ಕಳೆದ ಮೇಲೆ ಕೆಲವು ಇಲಿಗಳು ಹಿಡಿಕೆ ಹೊರಬಂದ ಕೂಡಲೇ ಬಟ್ಟಲ ಹತ್ತಿರ ಹೋಗಿ ಕಾಯುತ್ತವೆ. ಲೆಕ್ಕಾಚಾರದವು. ಇನ್ನು ಕೆಲವು ಹಿಡಿಕೆಗೇ ಎರಗುತ್ತವೆ. ಅದನ್ನು ಮೂಸುತ್ತವೆ, ನೆಕ್ಕುತ್ತವೆ, ಕಡಿಯುತ್ತವೆ. ಕಬ್ಬಿಣದ ತುಂಡು, ಅದರಲ್ಲಿ ತಿನ್ನಲು ಏನೂ ಇಲ್ಲ. ಆದರೂ ತಿಂಡಿಯ ಆಸೆಯೆಲ್ಲ ತಿಂಡಿಯ ಸೂಚನೆಗೇ ಅಂಟಿಕೊಂಡಿದೆ. ಮಿಷಿಗನ್ ವಿಶ್ವವಿದ್ಯಾಲಯದ ರಾಬಿನ್ಸನ್, ಫ್ಲಾಗೆಲ್, ಅಕಿಲ್ ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿದರು. ಹೊಸ ಜಾಗದಲ್ಲಿ ಚುರುಕಾಗಿ ಓಡಾಡುವ ಇಲಿಗಳನ್ನು ಒಂದು ಕಡೆ, ಸುಮ್ಮನೆ ಕೂರುವವನ್ನು ಇನ್ನೊಂದು ಕಡೆ ಬೇರ್ಪಡಿಸಿ ತಲೆಮಾರುಗಟ್ಟಲೆ ಬೆಳೆಸಿದರೆ, ಮೊದಲ ವಂಶದವು ಬಹುತೇಕ ಎಲ್ಲವೂ ಹಿಡಿಕೆ ಕಚ್ಚುವಂಥವಾಗುತ್ತವೆ, ಎರಡನೆಯ ವಂಶದವು ಬಟ್ಟಲಿಗೆ ಹೋಗುವಂಥವು. ಅಂದರೆ ಈ ಸ್ವಭಾವದಲ್ಲಿ ಹುಟ್ಟಿನ ಪಾಲು ದೊಡ್ಡದು. ಹಿಡಿಕೆ ಕಚ್ಚುವ ಇಲಿಗಳಲ್ಲಿ ಸೂಚನೆ ಕಂಡಾಗಲೇ ಮಿದುಳಿನಲ್ಲಿ ಆಸೆ ಕೆರಳಿಸುವ ಡೋಪಮಿನ್ ಎಂಬ ರಾಸಾಯನಿಕ ಚಿಮ್ಮುತ್ತದೆ. ಮಾದಕ ವಸ್ತು ನಿಲ್ಲಿಸಿದ ಮೇಲೂ ಅದರ ಸೂಚನೆ ಅವನ್ನು ಮತ್ತೆ ಹೆಚ್ಚು ಎಳೆಯುತ್ತದೆ.

ನಿಮ್ಮ ತಮ್ಮನ ಮಿದುಳು ನಾನು ಕಂಡಿಲ್ಲ, ಹೀಗೇ ಎಂದು ಹೇಳಲಾರೆ. ಆದರೆ ಅವರ ಕಾಲು ನಿಧಾನವಾದದ್ದು ನಾಟಕವೂ ಅಲ್ಲ, ದೌರ್ಬಲ್ಯವೂ ಅಲ್ಲ. ಮನೆ ಹುಡುಕುವಾಗ ಆ ಫಲಕ ಇಲ್ಲದ ಬೀದಿ ಹುಡುಕುವುದು ಮೂಢನಂಬಿಕೆ ಅಲ್ಲವೇ ಅಲ್ಲ.

ವಾಸ್ಕೊ ಶಿಕ್ಷಕಿ, ಮಂಗಳವಾರ ಮಧ್ಯಾಹ್ನ 1:15

ಇಲ್ಲಿ ಫಲಕ ಇಲ್ಲದ ಬೀದಿ ಹುಡುಕಿಕೊಡಿ ಅಕ್ಕ, ನಾನೇ ಮನೆ ಬದಲಾಯಿಸುತ್ತೇನೆ. ಗೋವಾದಲ್ಲಿ ತೆರಿಗೆ ಕಡಿಮೆ, ಬಾಟಲಿ ಅಗ್ಗ. ನನ್ನ ತರಗತಿಯಲ್ಲಿ ಕೊಪ್ಪಳ, ಬಾಗಲಕೋಟೆ ಕಡೆಯ ಕೂಲಿಕಾರರ ಮಕ್ಕಳಿದ್ದಾರೆ. ಅರ್ಧ ಮಕ್ಕಳಿಗೆ ಮನೆಯಲ್ಲಿ ಸಂಜೆ ಏಳರ ನಂತರ ಪುಸ್ತಕ ತೆಗೆಯುವ ಧೈರ್ಯವಿಲ್ಲ.

ನನ್ನ ತಕರಾರು ಇಷ್ಟೇ. ರಕ್ತದಲ್ಲಿದೆ ಎಂದು ನೀವು ಎಷ್ಟೇ ನಾಜೂಕಾಗಿ ಹೇಳಿದರೂ ಕೇಳುವವರ ಕಿವಿಗೆ ಬೀಳುವುದು 'ಅವರ ಜಾತಿಯೇ ಹಾಗೆ' ಎಂದು. ಶಾಲಾ ಸಭೆಗಳಲ್ಲಿ ಇದೇ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇಲಿಯನ್ನು ಒಂಟಿ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಒತ್ತಲು ಹಿಡಿಕೆ ಒಂದನ್ನೇ ಕೊಟ್ಟರೆ ಅದು ಇನ್ನೇನು ಮಾಡೀತು? ಕೆನಡಾದಲ್ಲಿ ಯಾರೋ ಇಲಿಗಳಿಗೆ ದೊಡ್ಡ ಉದ್ಯಾನವನ್ನೇ ಕಟ್ಟಿಕೊಟ್ಟಾಗ ಅವು ಅಫೀಮನ್ನು ಮೂಸಲಿಲ್ಲ ಎಂದು ಓದಿದ್ದೆ.

ಘಾಟ್‌ಕೋಪರ್ ಸಸ್ಯಾಹಾರಿ, ಮಂಗಳವಾರ ಮಧ್ಯಾಹ್ನ 1:40

ಇಷ್ಟೆಲ್ಲ ಓದಿದ ಮೇಲೂ ಯಾರೂ ಕೇಳಲಿಲ್ಲವಲ್ಲ. ಕೊನೆಗೆ ಆ ಇಲಿಗಳು ಏನಾದವು? ಗಣಪತಿಯ ಕಾಲಬುಡದಲ್ಲಿ ಕೂರಿಸಿ ಮೋದಕ ಇಡುವವರು ನಾವೇ ಅಲ್ಲವೇ?

ಮಾಟುಂಗ ಹೋಟೆಲು, ಮಂಗಳವಾರ ಸಂಜೆ 4:05

ಪಾಲಿಕೆಯವರು ರಾತ್ರಿ ಟಾರ್ಚು ಮತ್ತು ಕೋಲು ಹಿಡಿದು ಮಾರುಕಟ್ಟೆಯ ಹಿಂದೆ ಹೊಡೆಯುತ್ತಾರಲ್ಲ, ಅವಕ್ಕೆ ಮೋದಕ ಇಟ್ಟವರನ್ನು ನಾನು ನೋಡಿಲ್ಲ. ನನ್ನ ಅಕ್ಕಿ ಮೂಟೆ ತೂತು ಮಾಡಿದಾಗ ನಾನೂ ಇಟ್ಟಿಲ್ಲ.

ಪಾಷಾಣ ರಸ್ತೆ, ಮಂಗಳವಾರ ರಾತ್ರಿ 9:20

ಮೊದಲು ಘಾಟ್‌ಕೋಪರ್‌ನವರಿಗೆ. ಕೊನೆಗೆ ಅವನ್ನು ಕೊಲ್ಲುತ್ತಾರೆ, ಮಿದುಳು ತೆಗೆಯಬೇಕಲ್ಲ. ನಾನೂ ಕೊಂದಿದ್ದೇನೆ. ಎಷ್ಟು ಎಂಬ ಲೆಕ್ಕ ನನ್ನ ಹಳೆಯ ದಿನಚರಿಯಲ್ಲಿದೆ, ಇಲ್ಲಿ ಬರೆಯುವುದಿಲ್ಲ. ನೈತಿಕ ಸಮಿತಿಯ ಅನುಮತಿ ಬೇಕು, ನಮ್ಮ ದೇಶದಲ್ಲೂ 1960ರ ಕ್ರೌರ್ಯ ತಡೆ ಕಾಯ್ದೆಯ ಅಡಿಯಲ್ಲಿ ಇದಕ್ಕೆ ಸಮಿತಿ ಇದೆ, ಪ್ರಾಣಿಗಳ ಸಂಖ್ಯೆಗೂ ಕಾರಣ ಕೊಡಬೇಕು. ಇದರಿಂದ ನಿಮಗೆ ಸಮಾಧಾನವಾಗಬೇಕು ಎಂದು ಕೇಳುವುದಿಲ್ಲ, ನನಗೂ ಪೂರ್ತಿ ಆಗಿಲ್ಲ. ಒಂದು ಒಳ್ಳೆಯ ಬದಲಾವಣೆ ಎಂದರೆ ಸ್ಯಾನ್ ಡಿಯಾಗೋದ ಗುಂಪು ಕೊಕೇನ್ ಇಲಿಗಳ, ಆಕ್ಸಿಕೋಡೋನ್ ಎಂಬ ಅಫೀಮು ಬಗೆಯ ನೋವಿನ ಔಷಧ ತೆಗೆದುಕೊಂಡ ಇಲಿಗಳ ಅಂಗಾಂಶಗಳನ್ನು ಕಾಪಿಟ್ಟು ಬೇರೆ ಪ್ರಯೋಗಾಲಯಗಳಿಗೂ ಹಂಚುತ್ತದೆ. ಅದೇ ಪ್ರಶ್ನೆಗೆ ಇನ್ನೊಬ್ಬರು ಮತ್ತೆ ಕೊಲ್ಲಬೇಕಾಗಿಲ್ಲ.

ಇನ್ನು ಶಿಕ್ಷಕಿಯವರಿಗೆ. ನೀವು ಹೇಳಿದ್ದು ಬ್ರೂಸ್ ಅಲೆಕ್ಸಾಂಡರ್ ಅವರ ಪ್ರಯೋಗ, ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ್ದು, 1970ರ ದಶಕದ ಕೊನೆಯದ್ದು. ವಿಶಾಲವಾದ ಜಾಗ, ಡಬ್ಬಿಗಳು, ಜೊತೆಗಾರರು. ಅಲ್ಲಿನ ಇಲಿಗಳು ಅಫೀಮಿನಿಂದ ತೆಗೆದ ಮಾರ್ಫಿನ್ ಬೆರೆಸಿದ ನೀರನ್ನು ಒಂಟಿ ಪಂಜರದವುಗಳಿಗಿಂತ ಬಹಳ ಕಡಿಮೆ ಕುಡಿದವು. ಕಥೆ ಬಹಳ ಚೆನ್ನಾಗಿದೆ, ಅದಕ್ಕೇ ಎಲ್ಲರ ಬಾಯಲ್ಲೂ ಇದೆ. ಆದರೆ ನಂತರ ಮಾಡಿದವರಿಗೆಲ್ಲ ಅದೇ ಫಲ ಬರಲಿಲ್ಲ, ಇಲಿಯ ತಳಿ ಬದಲಾದರೆ ಉತ್ತರವೂ ಬದಲಾಗಬಹುದು ಎಂಬ ಅನುಮಾನ ಉಳಿಯಿತು. ನೋಡಿ, ಉದ್ಯಾನದ ಕಥೆಯೊಳಗೂ ಮತ್ತೆ ವಂಶ ಬಂದು ಕೂತಿತು.

ಆದರೂ ನಿಮ್ಮ ತಕರಾರಿಗೆ ಇದಕ್ಕಿಂತ ಗಟ್ಟಿ ಆಧಾರ ಬೇರೆ ಇದೆ. 2007ರಲ್ಲಿ ಬೋರ್ಡೊದ ಅಹ್ಮದ್ ಅವರ ಗುಂಪೇ ಇಲಿಗಳಿಗೆ ಕೊಕೇನ್ ಹಿಡಿಕೆಯ ಪಕ್ಕದಲ್ಲಿ ಸ್ಯಾಕರಿನ್ ಸಿಹಿನೀರಿನ ಹಿಡಿಕೆಯನ್ನೂ ಕೊಟ್ಟಿತು. 94 ಶೇಕಡಾ ಇಲಿಗಳು ಸಿಹಿನೀರನ್ನೇ ಆರಿಸಿದವು. ಒಂದೇ ಹಿಡಿಕೆ ಇದ್ದ ಪೆಟ್ಟಿಗೆಯನ್ನು ನೋಡಿ ನಾವು ಎಷ್ಟು ದೊಡ್ಡ ಮಾತು ಆಡುತ್ತಿದ್ದೆವು ಎಂದು ಎಲ್ಲರೂ ತಲೆ ಕೆರೆದುಕೊಂಡರು.

ಆಮೇಲೆ 2018ರಲ್ಲಿ ವೆನ್ನಿರೋ, ಶಹಾಮ್ ಇನ್ನೊಂದು ಹೆಜ್ಜೆ ಹೋದರು. ಒಂದು ಹಿಡಿಕೆ ಒತ್ತಿದರೆ ಮಾದಕ ವಸ್ತು, ಇನ್ನೊಂದು ಒತ್ತಿದರೆ ಒಂದು ಪುಟ್ಟ ಬಾಗಿಲು ತೆರೆದು ಇನ್ನೊಂದು ಇಲಿ. ಹೆಣ್ಣಾಗಲಿ ಗಂಡಾಗಲಿ, ಹೆರಾಯಿನ್ ಆಗಲಿ ಮೆಥಾಂಫೆಟಮಿನ್ ಆಗಲಿ, ಹಿಂದೆ ಹೇಳಿದಂಥ ಪರೀಕ್ಷೆಗಳಿಂದ ಲೆಕ್ಕ ಹಾಕಿದ ಚಟದ ಅಂಕ ಹೆಚ್ಚಿದ್ದ ಇಲಿಗಳೂ ಬಾಗಿಲನ್ನೇ ಆರಿಸಿದವು.

ವಂಶವಾಹಿ ಹುಡುಕುವವಳೇ ಇದನ್ನು ಹೇಳುತ್ತಿದ್ದೇನೆ ಎಂದು ಗಮನಿಸಿ. ಪೆಟ್ಟಿಗೆಯನ್ನು ಒಂದೇ ಥರ ಇಟ್ಟರೆ ವ್ಯತ್ಯಾಸ ವಂಶದಲ್ಲಿ ಕಾಣುತ್ತದೆ. ಇಲಿಗಳನ್ನು ಒಂದೇ ಥರ ಇಟ್ಟು ಪೆಟ್ಟಿಗೆ ಬದಲಿಸಿದರೆ ವ್ಯತ್ಯಾಸ ಪೆಟ್ಟಿಗೆಯಲ್ಲಿ ಕಾಣುತ್ತದೆ. ಜಾತಿಯ ಮಾತು ಆಡುವವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ: ಆ ಎಂಟು ಕಟ್ಟುಗಳ ಎಲೆಗಳು ಪ್ರತಿ ಪಂಜರದಲ್ಲೂ ಕಲೆತಿವೆ, ಒಡಹುಟ್ಟಿದ ಎರಡು ಇಲಿಗಳಲ್ಲೇ ಒಂದು ಒತ್ತುತ್ತದೆ, ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ.

ಡೊಂಬಿವಲಿ ಗದಗಿನವ, ಮಂಗಳವಾರ ರಾತ್ರಿ 9:41

ಮಲಗಿದ್ದು ನಾನು.

ಕಲ್ಯಾಣ ಹೆಣ್ಣಿನ ತಂದೆ, ಬುಧವಾರ ಬೆಳಗ್ಗೆ 9:00

ವ್ಯಾವಹಾರಿಕ ಪ್ರಶ್ನೆ. ಮಗಳಿಗೆ ಗಂಡು ನೋಡುತ್ತಿದ್ದೇವೆ. ಹುಡುಗನ ಅಜ್ಜ ಕುಡಿದು ತೀರಿಕೊಂಡರಂತೆ. ಹುಡುಗ ಮುಟ್ಟುವುದಿಲ್ಲ ಎನ್ನುತ್ತಾರೆ. ಎಂಜಲು ಪರೀಕ್ಷೆ ಮಾಡಿ ಚಟದ ಅಪಾಯ ಹೇಳುವ ಕಂಪನಿಗಳಿವೆ ಎಂದು ಕೇಳಿದೆ. ಮಾಡಿಸಬಹುದೇ?

ಪಾಷಾಣ ರಸ್ತೆ, ಬುಧವಾರ ಬೆಳಗ್ಗೆ 9:25

ಆ ಹಣದಲ್ಲಿ ಎರಡೂ ಮನೆಯವರು ಒಂದು ದಿನ ಊಟಕ್ಕೆ ಕೂತು ಮಾತಾಡಿ. ನೂರಾರು ಚಿಟಿಕೆಗಳನ್ನು ಕೂಡಿಸಿ ಒಂದು ಅಂಕ ಮಾಡುತ್ತಾರೆ, ಅದೂ ಬಹುಪಾಲು ಯುರೋಪ್ ಮೂಲದ ಜನರ ಡಿಎನ್‌ಎಯಿಂದ. ನಮ್ಮವರಿಗೆ ಅದು ಇನ್ನೂ ಮಸುಕು. ಒಬ್ಬ ಹುಡುಗನ ಭವಿಷ್ಯ ಹೇಳಲು ಅದು ಏನೇನೂ ಸಾಲದು. ಗೋತ್ರ, ನಾಡಿ, ಈಗ ಎಂಜಲು. ಬೇಡ ಸರ್.

ಒಂದೇ ವಂಶವಾಹಿ ಎದ್ದು ಕಾಣುವ ಅಪವಾದವೂ ಇದೆ, ಆದರೆ ಅದು ರಕ್ಷಿಸುವಂಥದ್ದು. ಪೂರ್ವ ಏಷ್ಯಾದ ಬಹಳ ಜನರಲ್ಲಿ ಮದ್ಯವನ್ನು ಜೀರ್ಣಿಸುವ ಎಎಲ್‌ಡಿಎಚ್2 ಎಂಬ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಎರಡು ಗುಟುಕಿಗೆ ಮುಖ ಕೆಂಪಾಗಿ, ಎದೆ ಬಡಿದು, ಹೊಟ್ಟೆ ತೊಳಸುತ್ತದೆ. ಅಂಥವರು ಕುಡುಕರಾಗುವುದು ಅಪರೂಪ. ನಮ್ಮಲ್ಲಿ ಅದು ವಿರಳ. ಡೈಸಲ್ಫಿರಾಂ ಎಂಬ ಗುಳಿಗೆ ಮಾಡುವುದೂ ಇದನ್ನೇ, ಅದೇ ಕಿಣ್ವವನ್ನು ತಡೆಯುತ್ತದೆ.

ಹನ್ನೊಂದು ವರ್ಷ, ಬುಧವಾರ ಮಧ್ಯಾಹ್ನ 2:10

ಆ ಗುಳಿಗೆಯ ಮೇಲೆ ಒಮ್ಮೆ ಕುಡಿದು ಆಸ್ಪತ್ರೆ ಸೇರಿದ್ದೇನೆ. ಸಾಯುತ್ತೇನೆ ಅನ್ನಿಸಿತ್ತು. ಆಮೇಲೆ ನಾನು ಕಲಿತದ್ದು ಕುಡಿತ ಬಿಡುವುದನ್ನಲ್ಲ, ಗುಳಿಗೆಯನ್ನು ನಾಲಿಗೆಯಡಿ ಬಚ್ಚಿಟ್ಟುಕೊಂಡು ಉಗುಳುವುದನ್ನು. ವೈದ್ಯರ ಕಣ್ಣಳತೆಯಲ್ಲಿ, ಕುಡಿಯುವವನಿಗೆ ಗೊತ್ತಿದ್ದೇ ಕೊಡಬೇಕಾದ ಔಷಧ ಅದು. ಚಹಾದಲ್ಲಿ ಕದ್ದು ಬೆರೆಸುವ ಹೆಂಗಸರು ಈಗಲೂ ಇದ್ದಾರೆ, ದಯವಿಟ್ಟು ಬೇಡ, ಜೀವ ಹೋಗಬಹುದು. ಪುಣೆಯಲ್ಲಿ 1986ರಿಂದ ನಡೆದಿರುವ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರ ಇದೆ, ಡಾಕ್ಟರ್ ಅನಿತಾ ಮತ್ತು ಅನಿಲ್ ಅವಚಟ ದಂಪತಿ ಶುರು ಮಾಡಿದ್ದು. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಸಹಾಯವಾಣಿ 14446ಕ್ಕೆ ಫೋನು ಮಾಡಿ, ಹಣ ಕೇಳುವುದಿಲ್ಲ.

ಮೇಡಂ, ಇಲಿಗಳಿಂದ ಹೊಸ ಔಷಧ ಏನಾದರೂ ಬಂದಿದೆಯೇ? ಮುಂದಿನವರಿಗಾದರೂ ಆದೀತು.

ಪಾಷಾಣ ರಸ್ತೆ, ಬುಧವಾರ ರಾತ್ರಿ 10:05

ಅಂಗಡಿಯಲ್ಲಿ ಸಿಗುವಂಥದ್ದು ಈ ಮಿಶ್ರ ಸಂತತಿಯಿಂದ ಇನ್ನೂ ಬಂದಿಲ್ಲ. ಸುಳಿವು ಸಿಕ್ಕಿದೆ. ಸ್ಯಾನ್ ಡಿಯಾಗೋದ ತೆಲೆಸೆ, ಪಾಮರ್, ಜಾರ್ಜ್ ಅವರ ಗುಂಪು 2023ರಲ್ಲಿ ಚಟದ ಅಂಕ ಹೆಚ್ಚಿದ್ದ ಮತ್ತು ಕಡಿಮೆ ಇದ್ದ ಇಲಿಗಳ ಮಿದುಳಿನಲ್ಲಿ ಅಮಿಗ್ಡಲ ಎಂಬ ಬಾದಾಮಿ ಆಕಾರದ ಭಾಗವನ್ನು ತೆಗೆದು, ಒಂದೊಂದೇ ಕೋಶದ ಮಟ್ಟದಲ್ಲಿ ನೋಡಿತು. ಕೋಶಗಳನ್ನು ಶಾಂತವಾಗಿಡುವ ಗಾಬಾ ವ್ಯವಸ್ಥೆಯಲ್ಲಿ ವ್ಯತ್ಯಾಸ ಕಂಡಿತು. ದೇಹದಲ್ಲೇ ಹುಟ್ಟುವ ಮೀಥೈಲ್‌ಗ್ಲೈಆಕ್ಸಾಲ್ ಎಂಬ ವಸ್ತು ಗಾಬಾದ ಬೀಗಕ್ಕೆ ಹೊಂದುವ ಕೀಲಿ. ಅದನ್ನು ಕಸದಂತೆ ಗುಡಿಸಿಹಾಕುವ ಕಿಣ್ವವೊಂದಿದೆ. ಆ ಗುಡಿಸುವ ಕಿಣ್ವವನ್ನು ತಡೆದಾಗ ಇಲಿಗಳಲ್ಲಿ ಕೊಕೇನಿನ ಹಿಂದೆ ಬೀಳುವ ನಡವಳಿಕೆ ತಗ್ಗಿತು. ಇಲಿಗಳಲ್ಲಿ. ಮನುಷ್ಯರ ದಾರಿ ದೂರವಿದೆ.

ಇವೇ ಇಲಿಗಳು ಬೇರೆ ಕಾಯಿಲೆಗೂ ದುಡಿಯುತ್ತವೆ. 2020ರಲ್ಲಿ 3,173 ಇಲಿಗಳ ತೂಕ, ಕೊಬ್ಬು, ಉಪವಾಸದ ಸಕ್ಕರೆಯನ್ನು ಅಳೆದು ಡಿಎನ್‌ಎ ಜಾಗಗಳನ್ನು ಗುರುತಿಸಿದರು. ರಕ್ತದೊತ್ತಡಕ್ಕೆ ಕ್ಯೋಟೋದಲ್ಲಿ 1963ರಲ್ಲೇ ತಾನಾಗಿ ಒತ್ತಡ ಏರುವ ತಳಿ ಮಾಡಿದ್ದರು. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯಲ್ಲಿ ಹುಟ್ಟಾ ಬೊಜ್ಜಿನ ಇಲಿಗಳ ಸ್ವಂತ ತಳಿಯೇ ಇದೆ.

ಮಾಟುಂಗ ಹೋಟೆಲು, ಬುಧವಾರ ರಾತ್ರಿ 10:30

ಸಕ್ಕರೆ, ಒತ್ತಡ, ಬೊಜ್ಜು. ಅಕ್ಕ, ನನ್ನನ್ನು ನೋಡದೆಯೇ ಬರೆದಿರಾ?

ತಮಾಷೆ ಇರಲಿ. ಆ ಬಾಗಿಲಿನ ಇಲಿ ನನ್ನ ತಲೆಯಿಂದ ಹೋಗುತ್ತಿಲ್ಲ. ಮಾಳಿಗೆಯ ಕೋಣೆಯಲ್ಲಿ ಹತ್ತು ಜನ ಮಲಗುತ್ತಾರೆ, ಮಾತಾಡಲು ಯಾರೂ ಇಲ್ಲ. ಹಿಂದೆ ರಾತ್ರಿ ಶಾಲೆ ಇತ್ತು, ಯಕ್ಷಗಾನ ಇತ್ತು, ಹುಡುಗರು ಹೋಗುತ್ತಿದ್ದರು. ಈಗ ಪ್ರತಿಯೊಬ್ಬನಿಗೂ ಒಂದು ಮೊಬೈಲು. ಸೋಮವಾರ ಅರ್ಧ ದಿನ ರಜೆ ಕೊಡುವ ಯೋಚನೆ ಇದೆ. ಕ್ಯಾರಂ ಬೋರ್ಡು ತಂದರೆ ಆಡುತ್ತಾರೋ, ಪಣ ಕಟ್ಟುತ್ತಾರೋ!

ಡೊಂಬಿವಲಿ ಗದಗಿನವ, ಗುರುವಾರ ರಾತ್ರಿ 8:55

ನಿನ್ನೆ ತಮ್ಮನಿಗೆ ಫೋನು ಮಾಡಿದೆ. ನಾಲ್ಕು ತಿಂಗಳ ನಂತರ. ಏನು ಮಾತಾಡುವುದು ತೋಚದೆ ಇಲಿಗಳ ಕಥೆ ಹೇಳಿದೆ. ಹಿಡಿಕೆ ಕಡಿಯುವ ಇಲಿ ಕೇಳಿ ನಕ್ಕ. ಬಾಗಿಲಿನ ಇಲಿ ಹೇಳಿದಾಗ ಸುಮ್ಮನಾದ. ಆಮೇಲೆ ಒಂದು ಪ್ರಶ್ನೆ ಕೇಳಿದ, ಉತ್ತರ ನನಗೆ ಗೊತ್ತಿರಲಿಲ್ಲ: 'ಹಿಡಿಕೆ ಒತ್ತಿದ ಮೇಲೆ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತಿತ್ತು ಅಣ್ಣ?'

ಪಾಷಾಣ ರಸ್ತೆ, ಗುರುವಾರ ರಾತ್ರಿ 9:10

ನಿಮ್ಮ ತಮ್ಮ ಸಂಶೋಧಕರು ಕೇಳಿದ ಪ್ರಶ್ನೆಯನ್ನೇ ಕೇಳಿದ್ದಾರೆ. ತಕ್ಷಣ ತೆರೆಯುತ್ತಿತ್ತು. ನಂತರ ಅವರು ಬೇಕೆಂದೇ ತಡ ಮಾಡಿ ನೋಡಿದರು. ಕಾಯಿಸಿದಷ್ಟೂ ಬಾಗಿಲಿನ ಹಿಡಿತ ಸಡಿಲವಾಯಿತು, ಇಲಿಗಳು ಮಾದಕ ವಸ್ತುವಿನ ಹಿಡಿಕೆಯ ಕಡೆಗೆ ವಾಲಿದವು.

ಡೊಂಬಿವಲಿ ಗದಗಿನವ, ಗುರುವಾರ ರಾತ್ರಿ 9:48

ಶಿಕ್ಷಕಿಯವರೇ, ನಾಳೆ ರಾತ್ರಿ ಥಾಣೆಯಲ್ಲಿ ಕೊಂಕಣ ಕನ್ಯಾ ರೈಲು ಹತ್ತುತ್ತಿದ್ದೇನೆ. ಮಗನೂ ಬರುತ್ತಾನೆ. ಬೆಳಗ್ಗೆ ಮಡಗಾಂವ್‌ನಿಂದ ವಾಸ್ಕೊಗೆ ಬಸ್ಸು ಬೇಗ ಸಿಗುತ್ತದೆಯೇ?

ವಾಸ್ಕೊ ಶಿಕ್ಷಕಿ, ಗುರುವಾರ ರಾತ್ರಿ 9:55

ಸಿಗುತ್ತದೆ ಅಣ್ಣ. ನಿಲ್ದಾಣದಿಂದ ಕದಂಬ ಬಸ್ ನಿಲ್ದಾಣಕ್ಕೆ ಸ್ವಲ್ಪ ದೂರ, ಬಾಡಿಗೆಗೆ ಕರೆದೊಯ್ಯುವ ಪೈಲಟ್ ಬೈಕಿನವರಿದ್ದಾರೆ, ಆದರೆ ನೀವು ಇಬ್ಬರಿರುವುದರಿಂದ ರಿಕ್ಷಾ ಹಿಡಿಯಿರಿ. ದರ ಮೊದಲೇ ಕೇಳಿಕೊಳ್ಳಿ.